ರಂಜಿನಿ ದೆವ್ವದ ಪಾರ್ಟು ಮಾಡಿದ್ದು

ಗುಂಡ್ಲುಪೇಟೆಯಲ್ಲಿ ನಮ್ಮ ಬೀದಿಯ ಕೊನೇ ಮನೆ ಶಿವಮಲ್ಲುವಿನದು. ಮುಂದಿನ ಕೋಣೆಯಲ್ಲಿ ಅವನ ಶಾಮಿಯಾನದ ಅಂಗಡಿ. ಕುರ್ಚಿ, ಜಮಖಾನ, ಅನ್ನದ ಕೊಳಗ, ಎರಡು ಸ್ಪೀಕರ್ ಪೆಟ್ಟಿಗೆ, ಮತ್ತೆ ಕರೆಂಟು ಹೋದಾಗಲೆಲ್ಲ ಊರೇ ನೆನೆಸಿಕೊಳ್ಳುತ್ತಿದ್ದ ಒಂದು ಜನರೇಟರು. ಒಳಗಿನ ಕೋಣೆಯ ಕಿಟಕಿಯ ಪಕ್ಕ ಅವನ ಹೆಂಡತಿ ರಂಜಿನಿಯ ಹೊಲಿಗೆ ಮಿಷನ್. ಬೀದಿಯ ಹೆಂಗಸರ ರವಿಕೆಗಳೆಲ್ಲ ಆಗುತ್ತಿದ್ದುದು ಅಲ್ಲೇ, ನಮ್ಮ ಮನೆಯವೂ ಸೇರಿ. ಬಟ್ಟೆ ಕೊಡಲು ಹೋದವರು ಅಳತೆ ರವಿಕೆ ಮುಂದಿಟ್ಟು, ತೋಳು ಎಲ್ಲಿಯವರೆಗೆ ಅಂತ ಬೆರಳಲ್ಲಿ ತೋರಿಸಿ, ಕ್ಯಾಲೆಂಡರಿನಲ್ಲಿ ಹಬ್ಬದ ದಿನ ಮುಟ್ಟಿ ತೋರಿಸಿ ಬಂದುಬಿಡುತ್ತಿದ್ದೆವು. ಅವಳಿಗೆ ಕಿವಿ ಕೇಳುವುದಿಲ್ಲ, ಮಾತೂ ಬರುವುದಿಲ್ಲ ಎಂದೇ ಎಲ್ಲರ ತಿಳಿವಳಿಕೆ.

ಕಿವಿಯ ಮಾತು ನಿಜ. ಬಾಯಿಯ ಮಾತು ಹಾಗಲ್ಲ.

ರಂಜಿನಿ ಕುದೇರಿನ ಹುಡುಗಿ. ಆರು ವರ್ಷದವಳಿದ್ದಾಗ ಜ್ವರ ಬಂದು ಕಿವಿ ಹೋಯಿತು. ಅಷ್ಟು ಹೊತ್ತಿಗೆ ಅವಳು ಮಾತು ಕಲಿತಿದ್ದಳು, ಅ ಆ ಇ ಈ ಕೂಡ ಬರೆಯುತ್ತಿದ್ದಳು. ಆದರೆ ತನ್ನ ದನಿ ತನಗೇ ಕೇಳದಿದ್ದರೆ ಮಾತು ಎಷ್ಟು ದಿನ ನೆಟ್ಟಗೆ ನಿಂತೀತು? ಕೆಲವು ಅಕ್ಷರ ಗಂಟಲಲ್ಲೇ ಉಳಿದವು, ಕೆಲವು ಎತ್ತರಕ್ಕೆ ಹಾರಿದವು. ಮೂರನೇ ಕ್ಲಾಸಿನಲ್ಲಿ ಒಂದು ದಿನ ಮೇಷ್ಟ್ರು ಎದ್ದುನಿಂತು ಪಾಠ ಓದು ಅಂದರು. ಅವಳು ಓದಿದಳು. ಮಕ್ಕಳು ನಕ್ಕರು. ಮೇಷ್ಟ್ರು ಬೋರ್ಡಿನ ಕಡೆ ತಿರುಗಿಕೊಂಡರು. ಅವರ ಭುಜ ಅಲುಗುವುದು ರಂಜಿನಿಗೆ ಕಾಣಿಸಿತು. ನಗುವಿನ ಸದ್ದು ಕೇಳದವಳಿಗೆ ಭುಜ ನೋಡಿದರೆ ಸಾಕಾಗಿತ್ತು. ಅವತ್ತಿನಿಂದ ಅವಳು ಬಾಯಿ ಮುಚ್ಚಿದಳು. ಐದನೇ ಕ್ಲಾಸಿಗೆ ಸ್ಕೂಲೂ ಮುಗಿಯಿತು. ಸೋದರತ್ತೆಯ ಮನೆಯಲ್ಲಿ ಹೊಲಿಗೆ ಕಲಿತಳು.

ಶಿವಮಲ್ಲು ಅವಳನ್ನು ಮೊದಲು ನೋಡಿದ್ದು ಕುದೇರಿನ ಒಂದು ಮದುವೆಗೆ ಶಾಮಿಯಾನ ಹಾಕಲು ಹೋದಾಗ. ಗಾಳಿಗೆ ಬಟ್ಟೆ ಒಂದು ಮೊಳದಷ್ಟು ಹರಿದಿತ್ತು. ಯಾರೂ ಹೇಳದೆ ಒಬ್ಬಳು ಹುಡುಗಿ ದಬ್ಬಳ, ದಾರ ತಂದು ಕುರ್ಚಿಯ ಮೇಲೆ ಹತ್ತಿ ಹೊಲಿದು, ಹಲ್ಲಲ್ಲಿ ದಾರ ಕಡಿದು ಇಳಿದು ಹೋದಳು. ಅವನು ಮನೆಗೆ ಬಂದು ತಾಯಿ ಗುರುಮಲ್ಲಮ್ಮನಿಗೆ ಹೇಳಿದ. ಗುರುಮಲ್ಲಮ್ಮ ಗಂಡ ಹೋದ ಮೇಲೆ ಒಬ್ಬಳೇ ಮಗನನ್ನು ಸಾಕಿದವಳು, ಮಾತಿನಲ್ಲಿ ಬೀದಿಯಲ್ಲೇ ಮುಂದು. ಮಾತಾಡದವಳನ್ನು ಕಟ್ಟಿಕೊಂಡು ಏನು ಮಾಡುತ್ತೀಯ ಎಂದು ತಿಂಗಳುಗಟ್ಟಲೆ ಒಪ್ಪಲಿಲ್ಲ.

"ನೀನ್ ಆಡ ಮಾತೇ ಇಬ್ರುಗೂ ಆಯ್ತದೆ ಕಣವ್ವ," ಅಂದನಂತೆ ಮಗ. ತಾಯಿಗೆ ನಗು ಬಂತು. ನಕ್ಕ ಮೇಲೆ ಇನ್ನು ಬೇಡ ಅನ್ನಲಾಗಲಿಲ್ಲ.

ಮದುವೆಯಾಗಿ ಒಂದು ತಿಂಗಳಿಗೆ, ಶಿವಮಲ್ಲು ಅಟ್ಟದಿಂದ ಕೊಳಗ ಇಳಿಸುವಾಗ ಏಣಿ ಜಾರಿತು. ಕೆಳಗಿದ್ದ ರಂಜಿನಿ "ಮಲೂ" ಎಂದು ಕೂಗಿದಳು. ಅವನಿಗೆ ಪೆಟ್ಟಾಗಲಿಲ್ಲ, ಆದರೆ ಕೂಗಿದವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಗೋಡೆ ಕಡೆ ತಿರುಗಿ ನಿಂತಿದ್ದಳು. ಅವನು ಹತ್ತಿರ ಹೋಗಿ ಅವಳ ಕೈ ಬಿಡಿಸಿದ. ಇನ್ನೊಂದು ಸಲ ಕರೆ ಎಂದು ಸನ್ನೆ ಮಾಡಿದ. ಅವನ ಭುಜ ಅಲುಗುತ್ತಿಲ್ಲ ಅನ್ನುವುದನ್ನು ಬಹಳ ಹೊತ್ತು ನೋಡಿ ಅವಳು ಇನ್ನೊಂದು ಸಲ ಕರೆದಳು. ಅಂದಿನಿಂದ ಆ ಒಂದು ಮಾತು ಮನೆಯೊಳಗೆ, ಅವನೊಬ್ಬನಿಗೆ ಮಾತ್ರ. ಆ ದನಿ ಹೇಗಿತ್ತು ಎಂದು ಕೇಳಿದರೆ ಶಿವಮಲ್ಲುವಿಗೆ ಹೇಳಲು ಬರುತ್ತಿರಲಿಲ್ಲ. ನೀರಿನ ತಳದಿಂದ ಯಾರೋ ಕರೆದ ಹಾಗೆ, ಆದರೆ ಬೆಚ್ಚಗಿರುತ್ತದೆ ಎನ್ನುತ್ತಿದ್ದ.

ಎರಡು ಸಾವಿರದ ಆರನೇ ಇಸವಿ ಶ್ರಾವಣ ಮುಗಿದ ಮೇಲೆ ಮೈಸೂರಿನಿಂದ ಒಂದು ಸಿನಿಮಾ ತಂಡ ಬಂತು. ಗೋಪಾಲಸ್ವಾಮಿ ಬೆಟ್ಟದ ರಸ್ತೆಯಲ್ಲಿ ಚೆಂಡು ಹೂವಿನ ಹೊಲಗಳ ನಡುವೆ ಯಾರೂ ಇರದ ಹಳೇ ಬಂಗಲೆ ಒಂದಿತ್ತು. ಅಲ್ಲಿ ದೆವ್ವದ ಸಿನಿಮಾ ತೆಗೆಯುತ್ತಾರಂತೆ ಎಂದು ಸುದ್ದಿಯಾಯಿತು. ಜನರೇಟರು, ಕುರ್ಚಿ, ಊಟದ ಪಾತ್ರೆ ಒದಗಿಸುವ ಕೆಲಸ ಶಿವಮಲ್ಲುವಿಗೆ ಸಿಕ್ಕಿತು. ನಿರ್ದೇಶಕ ಸಾಗರ್ ಇನ್ನೂ ಮೂವತ್ತು ದಾಟದ ಹುಡುಗ, ಇದು ಅವನ ಮೊದಲ ಸಿನಿಮಾ. ಧ್ವನಿ ಹಿಡಿಯುವ ಪುಟ್ಟಬಸಪ್ಪ ಮಾತ್ರ ವಯಸ್ಸಾದವರು. ಊರು ಉಡಿಗಾಲ, ಆದರೆ ಇಪ್ಪತ್ತು ವರ್ಷದಿಂದ ಸ್ಟುಡಿಯೋಗಳಲ್ಲೇ ಬದುಕು ಕಳೆದಿದ್ದರು.

ಶಿವಮಲ್ಲು ಹಗಲೆಲ್ಲ ಅಲ್ಲೇ ಇರುತ್ತಿದ್ದ. ಸಂಜೆ ಮನೆಗೆ ಬಂದು ರಂಜಿನಿಗೆ ಕೈಯಲ್ಲಿ, ತುಟಿಯಲ್ಲಿ ಎಲ್ಲ ಹೇಳುತ್ತಿದ್ದ. ರಾತ್ರಿಯ ದೃಶ್ಯವನ್ನು ಮಟಮಟ ಮಧ್ಯಾಹ್ನ ತೆಗೆಯುತ್ತಾರೆ. ಕ್ಯಾಮೆರಾ ಕಣ್ಣಿಗೆ ನೀಲಿ ಗಾಜು ಹಾಕಿ, ಬೆಳಕು ಒಳಗೆ ಹೋಗುವುದನ್ನು ಕಡಿಮೆ ಮಾಡಿದರೆ ಬಿಸಿಲೇ ಬೆಳದಿಂಗಳು. ಮಂಜು ಬೇಕಾದರೆ ತೆಂಗಿನ ಸಿಪ್ಪೆ ಕೆಂಡದ ಮೇಲೆ ಸಾಂಬ್ರಾಣಿ. ದೆವ್ವ ತೇಲಬೇಕಾದರೆ ಕ್ಯಾಮೆರಾ ಕೂತ ಗಾಡಿಯ ಮೇಲೇ ಆ ಪಾತ್ರದವಳನ್ನೂ ನಿಲ್ಲಿಸಿ ಗಾಡಿ ತಳ್ಳುತ್ತಾರೆ. ಅವಳು ಕದಲುವುದಿಲ್ಲ, ಹಿಂದಿನ ಗೋಡೆ, ಕಿಟಕಿ, ಕಂಬ ಹಿಂದಕ್ಕೆ ಹೋಗುತ್ತವೆ, ನೋಡಿದವರಿಗೆ ಕಾಲಿಲ್ಲದೆ ಬಂದಂತೆ ಕಾಣುತ್ತದೆ. ರಂಜಿನಿ ಇವನ್ನೆಲ್ಲ ಎರಡೆರಡು ಸಲ ಹೇಳಿಸಿಕೊಂಡಳು. ಮದುವೆಯಾದ ಹೊಸದರಲ್ಲಿ ಅವರು ನೋಡಿದ್ದ ದೆವ್ವದ ಸಿನಿಮಾದಲ್ಲಿ ಥಿಯೇಟರಿನ ಮಂದಿಯೆಲ್ಲ ಕುರ್ಚಿಯಿಂದ ಎಗರಿ ಬಿದ್ದಾಗ ಅವಳಿಗೆ ಕಂಡದ್ದು ಬರೀ ಒಂದು ಬಾಗಿಲು. ಬಾಗಿಲಿಗೆ ಯಾಕೆ ಹೆದರಿದರು ಎಂದು ಅವಳಿಗೆ ಆಗ ಗೊತ್ತಾಗಿರಲಿಲ್ಲ. ಈಗ ಗಂಡ ಹೇಳಿದ, ಹೆದರಿಕೆಯ ಮುಕ್ಕಾಲು ಪಾಲು ಸದ್ದಿನಲ್ಲಿದೆಯಂತೆ. ಮೊದಲು ಎಲ್ಲ ಸದ್ದನ್ನೂ ತೆಗೆದುಬಿಡುತ್ತಾರೆ, ಹುಳದ ಸದ್ದೂ ಇರುವುದಿಲ್ಲ. ನೋಡುವವರು ಉಸಿರು ಹಿಡಿದ ಮೇಲೆ ಒಮ್ಮೆಲೇ ಢಂ ಎನ್ನಿಸುತ್ತಾರೆ.

ಒಂದು ಮಧ್ಯಾಹ್ನ ರಂಜಿನಿ ಗಂಡನಿಗೆ ಊಟ ತಗೊಂಡು ಬಂಗಲೆಗೆ ಹೋದಳು. ಅಂದು ಸಿಡಿಲಿನ ದೃಶ್ಯ. ಒಬ್ಬ ದೊಡ್ಡ ತಗಡನ್ನು ಅಲುಗಿಸುತ್ತಿದ್ದ, ಇನ್ನೊಬ್ಬ ಪಟಾಕಿ ಹಚ್ಚುತ್ತಿದ್ದ. ದೆವ್ವದ ಪಾತ್ರದ ಹುಡುಗಿ ಮುಖದ ಮೇಲೆ ಕೂದಲು ಹರಡಿಕೊಂಡು ಅಲುಗದೆ ನಿಲ್ಲಬೇಕು. ಪ್ರತಿ ಸಲ ಪಟಾಕಿ ಸಿಡಿದಾಗಲೂ ಬೆಚ್ಚಿಬೀಳುತ್ತಿದ್ದಳು. ಪಾಪ, ಬೆಳಗಿನಿಂದ ಅದೇ ಆಗಿ ಅವಳಿಗೆ ಅಳು ಬಂದಿತ್ತು. ಇನ್ನೊಂದು ಸಲ ಪಟಾಕಿ ಸಿಡಿಯಿತು. ಮರದ ಕಾಗೆಗಳು ಎದ್ದವು, ಅಡುಗೆಯವನ ಕೈಯಿಂದ ಸೌಟು ಬಿತ್ತು. ಸಾಗರ್ ಕೋಪದಲ್ಲಿ ತಿರುಗಿದಾಗ ಹಿಂದೆ ಒಬ್ಬ ಹೆಂಗಸು ಟಿಫನ್ ಕ್ಯಾರಿಯರಿನ ಮುಚ್ಚಳ ತೆಗೆದು ಸಾರು ಬಡಿಸುತ್ತಿದ್ದುದು ಕಾಣಿಸಿತು. ಅವಳ ಕೈ ಒಂದು ಕೂದಲೆಳೆಯಷ್ಟೂ ನಡುಗಿರಲಿಲ್ಲ.

ಅವಳು ಯಾರು ಎಂದು ಕೇಳಿದ. ಶಿವಮಲ್ಲು ಹೇಳಿದ. ಊಟವಾದ ಮೇಲೆ ಸಾಗರ್ ಸಂಕೋಚದಿಂದ ಹತ್ತಿರ ಬಂದು, ಮುಖ ಕಾಣದ ದೃಶ್ಯಗಳಿಗೆ ಮಾತ್ರ, ಆ ಹುಡುಗಿಯ ಬದಲಿಗೆ ಇವರು ನಿಂತಾರಾ ಎಂದು ಕೇಳಿದ. ಶಿವಮಲ್ಲು ಹೆಂಡತಿಯನ್ನು ನೋಡಿದ. ಅವಳು ತುಟಿ ಓದಿಯಾಗಿತ್ತು. ಅವನು ಕೇಳುವ ಮೊದಲೇ ಜಡೆ ಬಿಚ್ಚಲು ಕೈ ಹಾಕಿದಳು.

ಗುರುಮಲ್ಲಮ್ಮನಿಗೆ ಇದು ಸರಿಬರಲಿಲ್ಲ. ದೆವ್ವದ ಪಾರ್ಟಿಗಿಂತ ಅವಳಿಗೆ ನೋವಾಗಿದ್ದು ಬಿಳಿ ಸೀರೆ. ಗಂಡ ಗಟ್ಟಿಯಾಗಿರುವಾಗ ಸೊಸೆ ಬಿಳಿ ಸೀರೆ ಉಟ್ಟು ತಲೆ ಕೆದರಿಕೊಂಡು ನಿಲ್ಲುವುದನ್ನು ತಾನು ಕಣ್ಣಿಂದ ನೋಡಲಾರೆ ಎಂದಳು. ತಾನು ಬಿಳಿ ಉಟ್ಟ ದಿನ ಹೇಗಿತ್ತು ಎಂದು ಅವಳು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಶಿವಮಲ್ಲು ಮರುದಿನ ಹೋಗಿ ತಲೆ ತಗ್ಗಿಸಿ ಇದನ್ನು ತಿಳಿಸಿದ. ಕ್ಯಾಮೆರಾದವನು, ಬಿಳಿಯೇ ಆಗಬೇಕಿಲ್ಲ, ಈ ನೀಲಿ ಗಾಜಿನಲ್ಲಿ ತೆಳು ಬಣ್ಣ ಯಾವುದಾದರೂ ಬಿಳುಪಾಗೇ ಕಾಣುತ್ತದೆ ಎಂದ. ಆ ಸಂಜೆ ಮಗನಿಂದ ಇದನ್ನು ಕೇಳಿದ ಗುರುಮಲ್ಲಮ್ಮ ಟ್ರಂಕ್ ತೆಗೆದು ತನ್ನ ಮದುವೆಯ ಕಾಲದ ಅರಿಶಿನ ಬಣ್ಣದ ಸೀರೆ ಹೊರಗೆಳೆದಳು. ಒಗೆದು ಒಗೆದು ಅದು ಬೆಣ್ಣೆಯ ಬಣ್ಣಕ್ಕೆ ಬಂದಿತ್ತು.

"ಅವ್ಳು ಇದ್ನ ಉಟ್ಕೊಳ್ಳಿ. ಮುತ್ತೈದೆ ಸೀರೆ ಇದು," ಅಂದಳು. ತಾಳಿ ಒಳಗೆ ಇರಲಿ, ತೆಗೆಯಬೇಡ ಎಂದು ಸೊಸೆಯ ಕತ್ತು ಮುಟ್ಟಿ ತೋರಿಸಿದಳು.

ಹಾಗೆ ಅತ್ತೆಯ ಮದುವೆ ಸೀರೆ ಉಟ್ಟು ರಂಜಿನಿ ದೆವ್ವವಾದಳು. ಅವಳು ಮಾಡಿದ ಅತಿ ಕಷ್ಟದ ಕೆಲಸ ಹಿಂದಕ್ಕೆ ನಡೆಯುವುದು. ಬಂಗಲೆಯ ಜಗಲಿ ಉದ್ದಕ್ಕಿತ್ತು. ಅವಳು ಕ್ಯಾಮೆರಾದ ಎದುರಿಗೆ ಮುಖದ ಮೇಲೆ ಕೂದಲು ಇಳಿಬಿಟ್ಟುಕೊಂಡು ನಿಂತು, ಅಲ್ಲಿಂದ ಹಿಂದಕ್ಕೆ ಹಿಂದಕ್ಕೆ ನಡೆದು ಕೊನೆಯ ಬಾಗಿಲಿನ ಕತ್ತಲೊಳಗೆ ಹೋಗಬೇಕು. ಮಾಡಿನ ಮೇಲಿಂದ ಇಬ್ಬರು ತರಗೆಲೆ ಉದುರಿಸುತ್ತಾರೆ. ಆಮೇಲೆ ರೀಲನ್ನು ಹಿಂದುಮುಂದಾಗಿ ಓಡಿಸಿದರೆ ದೆವ್ವ ಬಾಗಿಲಿನಿಂದ ಹೊರಟು ನೋಡುವವರ ಮೇಲೇ ಬರುತ್ತದೆ, ಅದರ ಹೆಜ್ಜೆ ಮನುಷ್ಯರದರಂತಿರುವುದಿಲ್ಲ, ನೆಲದ ಎಲೆಗಳು ತಾವಾಗಿ ಮೇಲಕ್ಕೇಳುತ್ತವೆ. ಇದನ್ನು ಸಾಗರ್ ವಿವರಿಸಿದ. ತೊಂದರೆ ಒಂದೇ. ಎಲ್ಲಿ ಶುರು, ಎಲ್ಲಿ ನಿಲ್ಲಬೇಕು ಎಂದು ಕೂಗಿ ಹೇಳಿದರೆ ಅವಳಿಗೆ ಕೇಳದು, ಕೂದಲು ಇಳಿಬಿಟ್ಟ ಮೇಲೆ ಸನ್ನೆಯೂ ಕಾಣದು.

ಶಿವಮಲ್ಲು ಶಾಮಿಯಾನ ಹೊಲಿಯುವ ದಾರ ತಂದ. ಒಂದು ತುದಿ ಅವಳ ಸೊಂಟಕ್ಕೆ ಸೀರೆಯ ಒಳಗೆ, ಇನ್ನೊಂದು ತುದಿ ಬಾಗಿಲ ಹಿಂದೆ ಕತ್ತಲಲ್ಲಿ ಕೂತ ಅವನ ಕೈಯಲ್ಲಿ. ಒಂದು ಸಲ ಎಳೆದರೆ ನಡಿ. ಎರಡು ಸಲ ಎಳೆದರೆ ನಿಲ್ಲು. ಅವಳು ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ, ಒಂದು ಕಡೆಯೂ ಎಡವಲಿಲ್ಲ. ದಾರ ಸಡಿಲವಾದಷ್ಟೂ ಅವನು ಸುತ್ತಿಕೊಳ್ಳುತ್ತಿದ್ದ. ಬಾಗಿಲು ದಾಟಿದಾಗ ಅವಳ ಬೆನ್ನು ಅವನ ಅಂಗೈಗೆ ತಾಗುತ್ತಿತ್ತು. ಸಾಗರ್ ನಾಲ್ಕು ಸಲ ತೆಗೆಸಿದ. ಮೊದಲನೆಯದೇ ಚೆನ್ನಾಗಿತ್ತು, ಮಿಕ್ಕ ಮೂರು ಖುಷಿಗೆ ಎಂದು ಆಮೇಲೆ ಹೇಳಿದನಂತೆ.

ಗುರುಮಲ್ಲಮ್ಮನೂ ಒಂದು ದಿನ ನೋಡಲು ಹೋದಳು. ಮರದ ಕೆಳಗೆ ಎಲೆಯಡಿಕೆ ಹಾಕಿಕೊಂಡು ಕೂತು, ಬಿಸಿಲಲ್ಲಿ ತಲೆ ಕೆದರಿಕೊಂಡು ಬೆವರು ಒರೆಸಿಕೊಳ್ಳುತ್ತಿರುವ ದೆವ್ವವನ್ನು ಕಂಡು, ಇದಕ್ಕೆ ಹೆದರುವವರು ಯಾರು ಎಂದು ಎಲ್ಲರ ಮುಂದೆ ಹೇಳಿ ನಗಿಸಿದಳು.

ಹೀಗಿರುವಾಗ ಪುಟ್ಟಬಸಪ್ಪನವರ ಕಿವಿಗೆ ಆ ದನಿ ಬಿತ್ತು. ಊಟದ ಹೊತ್ತಿನಲ್ಲಿ ಅವರು ಬಂಗಲೆಯ ಹಿಂದೆ ಮೈಕ್ ಇಟ್ಟು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಗಾಳಿಯ ಸದ್ದು ಹಿಡಿಯುತ್ತಿದ್ದರು. ಅಲ್ಲಿ ಯಾರೂ ಇಲ್ಲವೆಂದುಕೊಂಡು ರಂಜಿನಿ ಬೇಲಿಯಾಚೆ ಇದ್ದ ಗಂಡನನ್ನು ಕರೆದಳು. ಪುಟ್ಟಬಸಪ್ಪ ಹಿಡಿದದ್ದನ್ನು ಹಿಂದಕ್ಕೆ ಓಡಿಸಿ ಇನ್ನೊಮ್ಮೆ ಕೇಳಿದರು. ಆಮೇಲೆ ಹೋಗಿ ಸಾಗರ್‌ಗೆ ಕೇಳಿಸಿದರು. ಸಾಗರ್ ಎದ್ದುನಿಂತುಬಿಟ್ಟ. ಶಿವಮಲ್ಲುವನ್ನು ಕರೆಸಿ, ದೆವ್ವದ ಕಿರುಚಾಟಕ್ಕೆ ಇದೇ ದನಿ ಬೇಕು, ಇಂಥದ್ದನ್ನು ಯಾವ ಕಲಾವಿದರೂ ಕೊಡಲಾರರು ಎಂದ.

ಶಿವಮಲ್ಲುವಿನ ಮುಖ ಕಪ್ಪಿಟ್ಟಿತು. "ಅದೊಂದ್ ಬುಟ್ಟು ಬೇರೆ ಏನಾರ ಕೇಳಿ ಸಾರ್," ಎಂದು ಹೇಳಿ ಜನರೇಟರಿನ ಕಡೆ ಹೋದ.

ಅವನಿಗೆ ಅನ್ನಿಸಿದ್ದನ್ನು ಅವನೇ ಎಷ್ಟೋ ದಿನದ ಮೇಲೆ ನಮ್ಮ ಮನೆಯವರ ಹತ್ತಿರ ಹೇಳಿಕೊಂಡ. ಆ ದನಿ ಕೇಳಿದಾಗ ಅವನಿಗೆ ಮನೆ ನೆನಪಾಗುತ್ತಿತ್ತು. ಅದನ್ನೇ ಕೇಳಿ ಊರವರು ಹೆದರಿ ಕಿರುಚುವುದೆಂದರೆ ಅವನಿಂದ ಸಹಿಸಲಾಗದು. ಒಮ್ಮೆ ನಕ್ಕಿದ್ದರು, ಇನ್ನೊಮ್ಮೆ ಹೆದರಲಿ ಎಂದು ಯಾಕೆ ಬಿಡಬೇಕು? ಹಾಗಾಗಿ ಅವನು ಈ ಮಾತನ್ನು ಹೆಂಡತಿಗೆ ಹೇಳಲೇ ಇಲ್ಲ.

ಆದರೆ ರಂಜಿನಿ ಮುಖ ಓದುವವಳು. ಸಾಗರ್ ತನ್ನನ್ನು ನೋಡಿ ಕಣ್ಣು ತಪ್ಪಿಸುವುದು, ಗಂಡ ಊಟ ಬಿಟ್ಟೇಳುವುದು ಎಲ್ಲ ಕಂಡಿತು. ಗಂಡನನ್ನು ಕೇಳಿದರೆ ಏನಿಲ್ಲ ಎಂದು ಕೈಯಾಡಿಸಿದ. ಅವಳು ಪುಟ್ಟಬಸಪ್ಪನವರ ಎದುರಿಗೆ ಹೋಗಿ ನಿಂತಳು. ಆ ಹಿರಿಯರು ಕಿಟಕಿಯ ಹಲಗೆಯ ದೂಳಿನ ಮೇಲೆ ಬೆರಳಿಂದ ಬರೆದರು: ನಿನ್ನ ದನಿ ಬೇಕಂತೆ. ಮಲ್ಲು ಬೇಡ ಅಂದ.

ಅವತ್ತು ಸಂಜೆ ಅವರಿಬ್ಬರ ಜಗಳ. ಬಾಯಿಯಿಲ್ಲದ ಜಗಳವಾದ್ದರಿಂದ ಬೀದಿಗೆ ಕೇಳಲಿಲ್ಲ, ಗುರುಮಲ್ಲಮ್ಮ ಕಣ್ಣಾರೆ ನೋಡಿದಳು. ರಂಜಿನಿ ತನ್ನ ಗಂಟಲು ಮುಟ್ಟಿ, ಎದೆ ಮುಟ್ಟಿ ತೋರಿಸಿದಳು. ನನ್ನದು. ಆಮೇಲೆ ಅವನ ಕಡೆ ಬೆರಳು ಮಾಡಿದಳು. ನೀನು ಯಾಕೆ ಬೇಡ ಅಂದೆ? ಜನ ಹೆದರುತ್ತಾರೆ ಎಂದು ಅವನು ಹೇಳಲು ಕೈ ಎತ್ತಿದ. ಅಷ್ಟರಲ್ಲಿ ಅವಳು ಕಣ್ಣು ಮುಚ್ಚಿಕೊಂಡಳು. ಅವಳು ಕಣ್ಣು ಮುಚ್ಚಿದರೆ ಅವನಿಗೆ ಇನ್ನು ಹೇಳಲು ದಾರಿಯೇ ಇಲ್ಲ. ಎತ್ತಿದ ಕೈ ಇಳಿಸಿ ಕೂತ. ಅವಳು ಎಷ್ಟು ಹೊತ್ತಾದರೂ ಕಣ್ಣು ತೆರೆಯಲಿಲ್ಲ.

ಕೊನೆಗೆ ಗುರುಮಲ್ಲಮ್ಮ ಮಗನ ಪಕ್ಕ ಕೂತು, "ನಿಂಗೆ ಇಷ್ಟ ಆದ್ರೆ ಅವ್ಳು ಕರೀಬೇಕು, ನಿಂಗೆ ಬ್ಯಾಡಾದ್ರೆ ಸುಮ್ಕಿರ್ಬೇಕಾ?" ಎಂದು ಕೇಳಿದಳು. "ಅದೂ ಬಾಯ್ ಮುಚ್ಸ್ದಂಗೇ ಕಣ್ಲಾ."

ಅವನು ಏಳುವಾಗ ಬೆಳಗಾಗಿತ್ತು. ಹೆಂಡತಿಯ ಎದುರಿಗೆ ಹೋಗಿ, ತಪ್ಪಾಯಿತು ಎಂದು ಕೆನ್ನೆ ಮುಟ್ಟಿಕೊಂಡ. ಅವಳನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋಗಿ, ಇನ್ನು ಮಾತು ನಿಮ್ಮಿಬ್ಬರಲ್ಲೇ ಆಗಲಿ, ನಾನು ಅವಳು ಹೇಳಿದ್ದನ್ನು ಹೇಳುತ್ತೇನೆ ಅಷ್ಟೆ ಎಂದು ಸಾಗರ್ ಮುಂದೆ ನಿಂತ.

ರಂಜಿನಿ ಮೊದಲು ಕೇಳಿದ್ದು, ಈ ದೆವ್ವ ಯಾರು ಎಂದು. ಇಷ್ಟು ದಿನ ನಿಲ್ಲು ಅಂದ ಕಡೆ ನಿಂತಿದ್ದಳು, ಕತೆ ಯಾರೂ ಹೇಳಿರಲಿಲ್ಲ. ಸಾಗರ್ ಹೇಳಿದ. ಈ ಮನೆಯ ಸೊಸೆ, ಹೆರಿಗೆಯಲ್ಲಿ ಸತ್ತವಳು. ಮಗುವನ್ನು ಎತ್ತಿಕೊಳ್ಳದೆ ಹೋದವಳು. ಮಗು ದೂರದ ಊರಲ್ಲಿ ಬೆಳೆದು, ದೊಡ್ಡವಳಾಗಿ ಒಂದು ದಿನ ಇದೇ ಮನೆಗೆ ಬರುತ್ತಾಳೆ. ದೆವ್ವ ಮನೆಯಲ್ಲಿದ್ದ ಎಲ್ಲರನ್ನೂ ಹೆದರಿಸಿ ಓಡಿಸುತ್ತದೆ. ಕೊನೆಯಲ್ಲಿ ಮಗಳನ್ನು ಕಂಡು ಒಂದು ಸಲ ಕರೆದು ಹೊರಟುಹೋಗುತ್ತದೆ.

ರಂಜಿನಿ ತುಟಿಯಿಂದ ಕಣ್ಣು ತೆಗೆಯದೆ ಕೇಳಿಸಿಕೊಂಡಳು. ಅವಳ ಕೈ ಹೇಳಿದ್ದನ್ನು ಶಿವಮಲ್ಲು ಬಾಯಲ್ಲಿ ಹೇಳಿದ. ಹೆದರಿಸುವ ಕಡೆಗೆಲ್ಲ ಬೇರೆಯವರ ದನಿ ಹಾಕಿಕೊಳ್ಳಿ. ಕೊನೆಯಲ್ಲಿ ಮಗಳನ್ನು ಕರೆಯುವುದಕ್ಕೆ ನನ್ನ ದನಿ ಕೊಡುತ್ತೇನೆ. ಅಲ್ಲಿ ಬಿಟ್ಟು ಇನ್ನೆಲ್ಲೂ ಹಾಕಬಾರದು.

ಸಾಗರ್ ಯೋಚನೆಗೆ ಬಿದ್ದ. ಅವನ ಲೆಕ್ಕದಲ್ಲಿ ಆ ದೃಶ್ಯಕ್ಕೆ ಪಿಟೀಲಿನ ಸಂಗೀತ ಇತ್ತು, ನಟಿಯ ಸಿಹಿ ದನಿ ಇತ್ತು. ಅಲ್ಲಿ ಜನ ನಕ್ಕುಬಿಟ್ಟರೆ ಸಿನಿಮಾವೇ ಕೆಟ್ಟಂತೆ. ಪುಟ್ಟಬಸಪ್ಪನವರ ಮುಖ ನೋಡಿದ. ಅವರು, ಹಿಡಿದು ನೋಡೋಣ, ಬೇಡವಾದರೆ ಅಳಿಸಿದರಾಯಿತು ಎಂದರು. ಸಾಗರ್ ಕೈ ಮುಗಿದು ಒಪ್ಪಿದ.

ಕರೆಯಬೇಕಾದ ಮಾತು 'ಬಾ ಮಗ'. ನಮ್ಮ ಕಡೆ ಹೆಣ್ಣುಮಕ್ಕಳನ್ನೂ ಹಾಗೇ ಕರೆಯುವುದು. ಅದನ್ನು ಕಲಿಸಿದವಳು ಗುರುಮಲ್ಲಮ್ಮ. ಬಾಯಿ ಮುಚ್ಚಿ ತೆರೆಯುವ ಅಕ್ಷರಗಳಾದ್ದರಿಂದ ಬಾ, ಮ ಕಾಣಿಸುತ್ತಿದ್ದವು. 'ಗ' ಮಾತ್ರ ಗಂಟಲಲ್ಲಿ ಅಡಗಿತ್ತು. ಮುದುಕಿ ಸೊಸೆಯ ಕೈ ಹಿಡಿದು ತನ್ನ ಗಂಟಲಿನ ಮೇಲಿಟ್ಟುಕೊಂಡು ಹೇಳುತ್ತಿದ್ದಳು, ಆಮೇಲೆ ಅದೇ ಕೈಯನ್ನು ಸೊಸೆಯ ಗಂಟಲಿಗೆ ಇಟ್ಟು ಹೇಳು ಅನ್ನುತ್ತಿದ್ದಳು. ಒಲೆಯ ಮುಂದೆ, ಅಂಗಳದಲ್ಲಿ, ಹುರುಳಿ ಹಸನು ಮಾಡುತ್ತ, ಒಂದು ವಾರ ಇದೇ ನಡೆಯಿತು. ಬೀದಿಯವರು ಆಗ ಮೊದಲು ಆ ದನಿ ಕೇಳಿದ್ದು. ಕೇಳಿದವರು ಯಾರ ದನಿ ಎಂದು ಬಾಗಿಲಿಗೆ ಬಂದು ನೋಡಿ ಒಳಗೆ ಹೋದರು.

ಧ್ವನಿ ಹಿಡಿದದ್ದು ಬಂಗಲೆಯ ಒಳಕೋಣೆಯಲ್ಲಿ. ಹೊರಗಿನ ಸದ್ದು ಬರದಂತೆ, ಒಳಗಿನ ಸದ್ದು ಮಾರ್ದನಿಸದಂತೆ ಶಿವಮಲ್ಲುವಿನ ಜಮಖಾನಗಳನ್ನೆಲ್ಲ ಗೋಡೆಗೆ ತೂಗುಹಾಕಿದ್ದರು. ರಂಜಿನಿ ಮೊದಲ ಸಲ ಬಾಯಿ ತೆರೆದಾಗ ದನಿಯೇ ಬರಲಿಲ್ಲ. ಎದುರಿಗಿದ್ದ ಮೂವರು ಗಂಡಸರ ಭುಜಗಳನ್ನು ನೋಡುತ್ತಿದ್ದಳು. ಶಿವಮಲ್ಲುವಿಗೆ ಅದು ಗೊತ್ತಾಯಿತು. ಸಾಗರ್‌ನನ್ನೂ ಪುಟ್ಟಬಸಪ್ಪನವರನ್ನೂ ಬೆನ್ನು ತಿರುಗಿಸಿ ನೆಲದ ಮೇಲೆ ಕೂರಿಸಿದ, ತಾನು ಹೊರಗೆ ಹೋದ. ಜೊತೆಗೆ ಬಂದಿದ್ದ ಅತ್ತೆ ಒಬ್ಬಳೇ ಎದುರಿಗೆ ಉಳಿದಳು. ರಂಜಿನಿ ಅವಳ ಕಡೆ ನೋಡಿ ಕರೆದಳು. ಎರಡನೇ ಸಲ ಬೇಕಾಗಲಿಲ್ಲ. ಪುಟ್ಟಬಸಪ್ಪ ಅದನ್ನು ಸ್ಪೀಕರಿನಲ್ಲಿ ಹಾಕಿ, ಅವಳ ಅಂಗೈಯನ್ನು ಪೆಟ್ಟಿಗೆಯ ಮೇಲಿಟ್ಟರು. ಪೆಟ್ಟಿಗೆ ನಡುಗಿತು. ಅವಳು ಇನ್ನೊಂದು ಸಲ ಹಾಕಿ ಎಂದು ಬೆರಳು ತೋರಿಸಿದಳು. ಆಮೇಲೆ ಇನ್ನೂ ಒಂದು ಸಲ.

ಸಿನಿಮಾ ಚಾಮರಾಜನಗರಕ್ಕೆ ಬರುವಾಗ ಮುಂದಿನ ವರ್ಷದ ಬೇಸಿಗೆ. ಗುಂಡ್ಲುಪೇಟೆಗೆ ಬರುವುದು ತಡವಾಗುತ್ತದೆಂದು ನಮ್ಮ ಬೀದಿಯಿಂದ ಎಂಟು ಹತ್ತು ಜನ ತೆರಕಣಾಂಬಿ ಮೇಲೆ ಹೋಗುವ ಬಸ್ಸು ಹಿಡಿದು ಹೋದೆವು. ಶಿವಮಲ್ಲು ದಾರಿಯುದ್ದಕ್ಕೂ ಬಸ್ಸಿನ ಟಿಕೆಟ್ಟನ್ನು ಮಡಿಸಿ ಬಿಡಿಸುತ್ತಿದ್ದ. ಸಾಗರ್ ಮಾತು ತಪ್ಪಿ ಆ ದನಿಯನ್ನು ಹೆದರಿಸುವುದಕ್ಕೇ ಹಾಕಿದ್ದರೆ ಎಂಬ ಸಂಶಯ ಅವನನ್ನು ತಿನ್ನುತ್ತಿತ್ತು. ಸಿನಿಮಾ ತೆರೆಗೇ ಬಂದ ಮೇಲೆ ಇನ್ನು ಬೇಡ ಎನ್ನುವಂತಿರಲಿಲ್ಲ.

ಮಧ್ಯಾಹ್ನದ ಆಟ. ಥಿಯೇಟರು ಅರ್ಧ ತುಂಬಿತ್ತು. ಜಗಲಿಯ ದೃಶ್ಯ ಬಂದಾಗ ಎಲ್ಲ ಸದ್ದೂ ನಿಂತಿತು, ಫ್ಯಾನು ತಿರುಗುವುದು ಕೇಳಿಸುವಷ್ಟು. ಕತ್ತಲ ಬಾಗಿಲಿನಿಂದ ಬೆಳ್ಳನೆಯದೊಂದು ಹೊರಟು, ಎಲೆಗಳು ನೆಲ ಬಿಟ್ಟು ಮೇಲೇಳುತ್ತಿರುವಾಗ ನಮ್ಮ ಮೇಲೆ ಮೇಲೆ ಬಂತು. ಮರದ ಕೆಳಗೆ ಕೂತು ಎಲ್ಲವನ್ನೂ ಕಣ್ಣಾರೆ ನೋಡಿದ್ದ ಗುರುಮಲ್ಲಮ್ಮನೇ ಮೊದಲು ಕಿರುಚಿದವಳು. ನನ್ನ ತೋಳು ಹಿಡಿದುಕೊಂಡದ್ದು ಎರಡು ದಿನ ನೋವಿತ್ತು. ನಾನೂ ಹೆದರಿದೆ. ಆಮೇಲೆ ಯೋಚಿಸಿದಾಗ ನೆನಪಾಯಿತು, ಅವಳು ನಮ್ಮ ಕಡೆ ಬರುತ್ತಲೇ ಇರಲಿಲ್ಲ, ಬಾಗಿಲ ಹಿಂದಿದ್ದ ಗಂಡನ ಕಡೆ ಹೋಗುತ್ತಿದ್ದಳು. ರಂಜಿನಿ ಮಾತ್ರ ಪರದೆ ನೋಡದೆ ಕುರ್ಚಿಯಲ್ಲಿ ಅಡ್ಡ ತಿರುಗಿ ಕೂತು ಜನರನ್ನೇ ನೋಡುತ್ತಿದ್ದಳು. ಬೆಚ್ಚಿದ ಒಂದೊಂದು ಮುಖಕ್ಕೂ ಅವಳಿಗೆ ಖುಷಿ.

ಕಿರುಚುವ ಕಡೆಗಳಲ್ಲೆಲ್ಲ ಬೇರೆ ಯಾರದೋ ದನಿ ಇತ್ತು. ಶಿವಮಲ್ಲು ಪ್ರತಿ ಸಲವೂ ಕಿವಿಗೊಟ್ಟು ಕೇಳಿ ಉಸಿರು ಬಿಡುತ್ತಿದ್ದ. ಕೊನೆಯಲ್ಲಿ ಮಗಳು ಮೆಟ್ಟಿಲ ಮೇಲೆ ನಿಂತಿದ್ದಳು, ದೆವ್ವ ಬೆನ್ನು ತೋರಿಸಿ ಅಂಗಳದಲ್ಲಿ ನಿಂತಿತ್ತು. ಪಿಟೀಲು ಇರಲಿಲ್ಲ. ಸಂಗೀತವೇ ಇರಲಿಲ್ಲ. ಆ ದನಿ ಬಂತು.

"ಬಾ ಮಗ."

ನಾನು ಅದನ್ನು ನಮ್ಮ ಬೀದಿಯಲ್ಲಿ ಎಷ್ಟೋ ಸಲ ಕೇಳಿದ್ದೆ. ಅಲ್ಲಿ ಅಷ್ಟು ದೊಡ್ಡದಾಗಿ, ನಾಲ್ಕೂ ಗೋಡೆಯಿಂದ ಬಂದಾಗ ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡೆ. ಥಿಯೇಟರಿನಲ್ಲಿ ಒಬ್ಬರೂ ಅಲುಗಲಿಲ್ಲ. ನಮ್ಮ ಹಿಂದಿನ ಸಾಲಿನ ಹೆಂಗಸೊಬ್ಬಳು ಮಡಿಲಲ್ಲಿ ಮಲಗಿದ್ದ ಕೂಸನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು. ರಂಜಿನಿಗೆ ಮುಖಗಳು ಕಂಡವು, ಅರ್ಥ ಪೂರ್ತಿ ಆಗಲಿಲ್ಲ. ಗಂಡನ ಕಡೆ ತಿರುಗಿದಳು. ಕತ್ತಲಲ್ಲಿ ಕೈಸನ್ನೆ ಕಾಣದು ಎಂದು ಅವನು ಅವಳ ಅಂಗೈ ಬಿಡಿಸಿ ಬೆರಳಿಂದ ಬರೆದ: ಯಾರೂ ನಗಲಿಲ್ಲ.

ಅವಳು ಬರೆದದ್ದನ್ನು ಮುಷ್ಟಿ ಕಟ್ಟಿ ಹಿಡಿದುಕೊಂಡಳು. ದೀಪ ಹತ್ತಿದ ಮೇಲೂ ಬಿಡಲಿಲ್ಲ. ಗುರುಮಲ್ಲಮ್ಮ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ, ಸೀರೆ ಚೆನ್ನಾಗಿ ಕಾಣಿಸಿತು ಎಂದಷ್ಟೇ ಅಂದಳು.

ಸಿನಿಮಾ ಹೆಚ್ಚು ದಿನ ಓಡಲಿಲ್ಲ. ಊರಲ್ಲಿ ಅದರಿಂದ ಒಳ್ಳೆಯದೂ ಆಯಿತು, ಕೆಟ್ಟದ್ದೂ ಆಯಿತು. ಮಕ್ಕಳು ಅವಳನ್ನು ದೆವ್ವದಕ್ಕ ಎಂದು ಕರೆದು, ಹಿಂದಕ್ಕೆ ನಡೆದು ತೋರಿಸು ಎಂದು ಕಾಡುತ್ತಿದ್ದರು. ಅವಳೂ ತೋರಿಸುತ್ತಿದ್ದಳು. ಆದರೆ ಎದುರು ಮನೆಯ ಮಹಾಲಕ್ಷ್ಮಮ್ಮ, ಬಾಣಂತಿಯಾಗಿ ಸತ್ತವಳ ಪಾರ್ಟು ಮಾಡಿದವಳ ಕೈಯಲ್ಲಿ ಹಸುಗೂಸಿನ ಅಂಗಿ ಹೊಲಿಸಬಾರದು ಎಂದು ಮಗಳ ಮಗುವಿನ ಬಟ್ಟೆ ವಾಪಸ್ಸು ತರಿಸಿಕೊಂಡಳು. ಅವಳನ್ನು ನೋಡಿ ಇನ್ನಿಬ್ಬರೂ ಹಾಗೇ ಮಾಡಿದರು. ರಂಜಿನಿ ಕತ್ತರಿಸಿಟ್ಟಿದ್ದ ಪುಟ್ಟ ತೋಳುಗಳನ್ನು ಮಡಿಸಿ ಕೊಟ್ಟುಬಿಟ್ಟಳು. ಅವತ್ತು ಮಿಷನ್ ತುಳಿಯಲಿಲ್ಲ. ಮುಂದಿನ ವರ್ಷ ಅವಳಿಗೇ ಹೆಣ್ಣುಮಗು ಹುಟ್ಟಿ, ತಾಯಿ ಮಗು ಇಬ್ಬರೂ ಚೆನ್ನಾಗಿದ್ದು, ರಮ್ಯ ಎಂದು ಹೆಸರಿಟ್ಟಾಗ ಮಹಾಲಕ್ಷ್ಮಮ್ಮ ತಾನೇ ಕೊಬ್ಬರಿ ಬೆಲ್ಲ ಹಿಡಿದು ಬಂದಳು. ಯಾರೂ ಹಳೆಯದನ್ನು ಎತ್ತಲಿಲ್ಲ.

ಅದಕ್ಕೆ ಮೊದಲು ಸಾಗರ್ ಇನ್ನೊಂದು ದೆವ್ವದ ಸಿನಿಮಾಕ್ಕೆ ಕರೆದಾಗ ರಂಜಿನಿ ಏಳು ತಿಂಗಳ ಬಸುರಿ. ಫೋನು ಎತ್ತಿಕೊಂಡ ಗುರುಮಲ್ಲಮ್ಮ, ಈಗ ಅವಳಿಗೆ ಹಿಂದಕ್ಕೆ ನಡೆಯುವುದಿರಲಿ ಮುಂದಕ್ಕೆ ನಡೆಯುವುದೇ ಕಷ್ಟ ಎಂದು ಹೇಳಿ ಇಟ್ಟಳು. ಆಮೇಲೆ ಅವನು ಕರೆಯಲಿಲ್ಲ. ಪುಟ್ಟಬಸಪ್ಪ ಮಾತ್ರ ಉಡಿಗಾಲಕ್ಕೆ ಬಂದಾಗಲೆಲ್ಲ ಬಂದು ಹೋಗುತ್ತಿದ್ದರು.

ರಂಜಿನಿ ಈಗ ತರಕಾರಿ ಮಾರ್ಕೆಟ್ಟಿಗೆ ಒಬ್ಬಳೇ ಹೋಗುತ್ತಾಳೆ, ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು. ಮೊದಲೆಲ್ಲ ಗಂಡನ ಹಿಂದೆ ನಿಂತು ಬೆರಳು ತೋರಿಸುತ್ತಿದ್ದವಳು ಈಗ ಬಾಯಲ್ಲೇ ಚೌಕಾಸಿ ಮಾಡುತ್ತಾಳೆ. ಕೇರಳದ ಲಾರಿಯವರು ಈರುಳ್ಳಿ ತುಂಬಿಸಿಕೊಳ್ಳಲು ಬಂದಿರುತ್ತಾರೆ. ಅವರಲ್ಲೊಬ್ಬನಿಗೆ ಇವಳಾಡುವುದು ತಾನು ಇನ್ನೂ ಕಲಿಯದ ಯಾವುದೋ ಕನ್ನಡ ಎಂದು ನಂಬಿಕೆ. ಗಮನವಿಟ್ಟು ಕೇಳಿ ಮಲಯಾಳದಲ್ಲೇ ಉತ್ತರ ಕೊಡುತ್ತಾನೆ. ಇವಳು ಅವನ ತುಟಿ ನೋಡಿ, ಈ ಮನುಷ್ಯನ ಕನ್ನಡ ಏನೇನೂ ಸಾಲದು ಎಂದು ಮಗಳ ಕಡೆ ಕಣ್ಣು ಮಿಟುಕಿಸುತ್ತಾಳೆ. ಇಬ್ಬರೂ ಹೀಗೇ ಸ್ವಲ್ಪ ಹೊತ್ತು ವಾದ ಮಾಡುತ್ತಾರೆ. ಆಮೇಲೆ ಅವನು ತಾನು ಲಾರಿಗೆಂದು ಕೊಂಡಿಟ್ಟ ರಾಶಿಯಿಂದ ಒಳ್ಳೆಯ ಈರುಳ್ಳಿ ಆರಿಸಿ ಅವಳ ಚೀಲಕ್ಕೆ ಹಾಕುತ್ತಾನೆ.